ಮ್ಯೂನಿಕ್‌ನಲ್ಲಿ ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ಪಿನ್‌ಕೋಡ್ ನೋಡಿ

ಮ್ಯೂನಿಕ್‌ಗೆ ಕೆಲಸಕ್ಕೆ ಬರುವ ನಮ್ಮವರು ಎರಡು ವಿಷಯ ಕೇಳುತ್ತಾರೆ. ಬಾಡಿಗೆ ಎಲ್ಲಿ ಕಡಿಮೆ? ಯಾವ ಏರಿಯಾ ಸೇಫ್? ಎರಡಕ್ಕೂ ಮುಂದೆ ಉತ್ತರ ಇದೆ. ಆದರೆ ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ. ಆ ಮನೆ ಮ್ಯೂನಿಕ್ ನಗರದ ಗಡಿಯ ಒಳಗಿದೆಯಾ, ಹೊರಗಿದೆಯಾ? ಇದನ್ನು ನೋಡದೆ ಸಹಿ ಹಾಕಿ ಆಮೇಲೆ ತಿಂಗಳುಗಟ್ಟಲೆ ಒದ್ದಾಡಿದ ಕುಟುಂಬಗಳನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಬಂದ ಹೊಸದರಲ್ಲಿ ನನಗೂ ಇದನ್ನು ಹೇಳಿದವರಿಲ್ಲ.

ಮೊದಲು, ಜನ ಯಾಕೆ ಊರಾಚೆ ಹೋಗುತ್ತಿದ್ದಾರೆ ಅನ್ನುವುದು. ನಗರದೊಳಗೆ ಹೊಸದಾಗಿ ಮನೆ ಹಿಡಿಯುವವರಿಗೆ ಬಾಡಿಗೆ ಚದರ ಮೀಟರಿಗೆ 20 ಯೂರೋ ದಾಟಿದೆ. ಅಂದರೆ 60 ಚದರ ಮೀಟರಿನ ಸಾಧಾರಣ ಮನೆಗೇ 1,200 ಯೂರೋಗಿಂತ ಜಾಸ್ತಿ, ಅದೂ ಹೀಟಿಂಗ್, ನೀರು ಎಲ್ಲ ಬಿಟ್ಟು. ಇದರ ಮೇಲೆ 2023ರ ಮೇ ತಿಂಗಳಲ್ಲಿ ಡಾಯಿಚ್‌ಲ್ಯಾಂಡ್ ಟಿಕೆಟ್ ಬಂತು, ಅಂದರೆ ದೇಶದ ಎಲ್ಲ ಲೋಕಲ್ ರೈಲು, ಬಸ್ಸಿಗೂ ನಡೆಯುವ ತಿಂಗಳ ಪಾಸು. ಆಗ ತಿಂಗಳಿಗೆ 49 ಯೂರೋ ಇತ್ತು, 2026ರ ಜನವರಿಯಿಂದ 63 ಆಗಿದೆ. ದರ ಏರಿದರೂ ಅದು ದೊಡ್ಡ ಅನುಕೂಲವೇ. ಮೊದಲೆಲ್ಲ ಜೋನ್ ದಾಟಿದಷ್ಟೂ ಪಾಸಿನ ಬೆಲೆ ಏರುತ್ತಿತ್ತು. ಈಗ ನಗರದ ನಡುವಿನ ಮರಿಯೆನ್‌ಪ್ಲಾಟ್ಜ್ ಪಕ್ಕ ಇದ್ದರೂ ಅಷ್ಟೇ, ಊರಾಚೆಯ ಡಾಖೌದಲ್ಲಿದ್ದರೂ ಅಷ್ಟೇ. ಹಾಗಾಗಿ ಹೊಸಬರು ಎಸ್-ಬಾನ್, ಅಂದರೆ ಊರಾಚೆಗೂ ಹೋಗುವ ಲೋಕಲ್ ರೈಲಿನ ನಕ್ಷೆ ಹಿಡಿದು, ಗೆರೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮನೆ ಹುಡುಕುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ನಕ್ಷೆಯಲ್ಲಿ ಆಡಳಿತದ ಗಡಿ ಕಾಣುವುದಿಲ್ಲ.

ಉಂಟರ್‌ಫೋರಿಂಗ್, ಗಾರ್ಚಿಂಗ್, ಹಾರ್, ಒಟ್ಟೋಬ್ರುನ್, ಉಂಟರ್‌ಹಾಖಿಂಗ್ ಇವೆಲ್ಲ ಮ್ಯೂನಿಕ್‌ಗೆ ಅಂಟಿಕೊಂಡೇ ಇವೆ. ರೈಲಿನಲ್ಲಿ ಕೂತವರಿಗೆ ಊರು ಬದಲಾಗಿದ್ದು ಗೊತ್ತೇ ಆಗುವುದಿಲ್ಲ. ಆದರೆ ಇವು ನಗರವಲ್ಲ, ಮ್ಯೂನಿಕ್ ಜಿಲ್ಲೆ. ಅತ್ತಿಬೆಲೆ ದಾಟಿ ಹೊಸೂರಿನಲ್ಲಿ ಮನೆ ಮಾಡಿದರೆ ಕಚೇರಿ, ಕಾಗದ ಎಲ್ಲ ಬೇರೆ ಆಗುತ್ತದಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಅಲ್ಲಿ ಗಡಿ ಕಣ್ಣಿಗೆ ಕಾಣುತ್ತದೆ, ಇಲ್ಲಿ ಒಂದು ಬೋರ್ಡು ಕಂಡರೆ ಹೆಚ್ಚು. ನಗರದವರ ವಲಸೆ ಕಚೇರಿ ರುಪ್ಪರ್ಟ್‌ಸ್ಟ್ರಾಸೆಯಲ್ಲಿರುವ ನಗರಾಡಳಿತದ ಕಚೇರಿ ಕೆವಿಆರ್‌ನಲ್ಲಿದೆ. ಜಿಲ್ಲೆಯವರು ಜಿಲ್ಲಾ ಕಚೇರಿ, ಅಂದರೆ ಲಾಂಡ್‌ರಾಟ್ಸಾಮ್ಟ್ ಕಡೆ ಹೋಗಬೇಕು. ಆ ಜಿಲ್ಲಾ ಕಚೇರಿಯ ಮುಖ್ಯ ಕಟ್ಟಡ ಇರುವುದು ನಗರದೊಳಗೇ, ಮರಿಯಾಹಿಲ್ಫ್‌ಪ್ಲಾಟ್ಜ್‌ನಲ್ಲಿ. ಗೊಂದಲ ಆಗದೆ ಇರುತ್ತದಾ? ಡಾಖೌ, ಫ್ರೈಸಿಂಗ್ ಕಡೆ ಹೋದರೆ ಮತ್ತೆ ಬೇರೆಯದೇ ಜಿಲ್ಲೆ, ಬೇರೆಯದೇ ಕಚೇರಿ.

ಇದರಿಂದ ಏನು ನಷ್ಟ ಅಂತೀರಾ? ನಿಮ್ಮ ಬ್ಲೂ ಕಾರ್ಡ್ (ಕೆಲಸಕ್ಕೆ ಬಂದವರ ವಾಸದ ಪರ್ಮಿಟ್) ಅಥವಾ ಹೆಂಡತಿ ಮಕ್ಕಳ ವಾಸದ ಪರ್ಮಿಟ್ ರಿನ್ಯೂ ಆಗಬೇಕಾದ ಸಮಯದಲ್ಲಿ ಗಡಿ ದಾಟಿದರೆ, ನಿಮ್ಮ ಫೈಲು ಸಾಮಾನ್ಯವಾಗಿ ಹೊಸ ಕಚೇರಿಗೆ ಹೋಗಬೇಕು. ಹೊಸ ಕಚೇರಿ ಹಳೆಯದಕ್ಕೆ ಬರೆದು ಫೈಲು ತರಿಸಿಕೊಳ್ಳುತ್ತದೆ, ಆಮೇಲೆ ಓದುತ್ತದೆ, ಆಮೇಲೆ ಅಪಾಯಿಂಟ್‌ಮೆಂಟ್. ನನಗೆ ಗೊತ್ತಿರುವ ದಾವಣಗೆರೆಯ ದಂಪತಿ ತಿಂಗಳಿಗೆ ಇನ್ನೂರು ಯೂರೋ ಉಳಿಯುತ್ತದೆ ಅಂತ ಖುಷಿಯಿಂದ ಊರಾಚೆ ಮನೆ ಬದಲಾಯಿಸಿದರು. ಹೆಂಡತಿಯ ಪರ್ಮಿಟ್ ಅರ್ಜಿ ಅದಾಗಲೇ ಹಳೆಯ ಕಚೇರಿಯಲ್ಲಿತ್ತು. ಫೈಲು ಬಂದು ಸೇರುವಷ್ಟರಲ್ಲಿ ಪರ್ಮಿಟ್ ಅವಧಿ ಮುಗಿದಿತ್ತು, ಊರಲ್ಲಿ ತಂಗಿಯ ಮದುವೆ ಬಂದಿತ್ತು. ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರಿಂದ ಕಾನೂನಿನ ಪ್ರಕಾರ ಅವರು ಇಲ್ಲಿ ಇರುವುದು ತಪ್ಪೇನಲ್ಲ, ಹಳೆಯ ಪರ್ಮಿಟ್ ಮುಂದುವರಿದ ಹಾಗೆಯೇ ಲೆಕ್ಕ. ಆದರೆ ಹೊರಗೆ ಹೋಗಿ ವಾಪಸ್ ಬರಬೇಕಾದರೆ ಅದನ್ನು ತೋರಿಸುವ ಕಾಗದ ಕೈಯಲ್ಲಿರಬೇಕು. ಫಿಕ್ಸಿಯೋನ್ಸ್‌ಬೆಶೈನಿಗುಂಗ್ ಅಂತಾರೆ ಅದಕ್ಕೆ. ಆ ಕಾಗದ ಸಮಯಕ್ಕೆ ಸಿಗಲಿಲ್ಲ. ಆಕೆ ಮದುವೆಗೆ ಹೋಗಲಿಲ್ಲ. ಯಾವ ಕಚೇರಿಯವರನ್ನೂ ಬೈಯುವ ಹಾಗಿಲ್ಲ, ನಿಯಮವೇ ಹಾಗೆ. ಮೊದಲೇ ಗೊತ್ತಿದ್ದರೆ ಕಾರ್ಡ್ ಕೈಗೆ ಬಂದ ಮೇಲೆ ಮನೆ ಬದಲಾಯಿಸುತ್ತಿದ್ದರು, ಅಷ್ಟೇ.

ಆದ್ದರಿಂದ ದಯವಿಟ್ಟು ಇದನ್ನು ನೆನಪಿಡಿ. ಪರ್ಮಿಟ್ ಮುಗಿಯಲು ಆರು ತಿಂಗಳಿಗಿಂತ ಕಡಿಮೆ ಇದ್ದರೆ ಗಡಿ ದಾಟಬೇಡಿ. ದಾಟಲೇಬೇಕು ಅಂದರೆ ಎರಡೂ ಕಚೇರಿಗೆ ಮೊದಲೇ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಗಡಿ ತಿಳಿಯುವುದು ಸುಲಭ. ಜಾಹೀರಾತಿನಲ್ಲಿ ಪಿನ್‌ಕೋಡ್ ಇರುತ್ತದೆ. 80 ಅಥವಾ 81ರಿಂದ ಶುರುವಾದರೆ ನಗರ. 82, 85 ಅಂತ ಶುರುವಾದರೆ ಬಹುಪಾಲು ಹೊರಗೆ. ಉಂಟರ್‌ಫೋರಿಂಗ್ 85774, ಉಂಟರ್‌ಹಾಖಿಂಗ್ 82008.

ಮಕ್ಕಳಿದ್ದರೆ ಗಡಿ ಇನ್ನೂ ಮುಖ್ಯ. ಒಂದು ವರ್ಷ ತುಂಬಿದ ಮಗುವಿಗೆ ಡೇಕೇರ್ ಸೀಟು ಜರ್ಮನಿಯಲ್ಲಿ ಕಾನೂನಿನ ಹಕ್ಕು, ಆದರೆ ಹಕ್ಕು ಇದೆ ಅಂದಾಕ್ಷಣ ಸೀಟು ಸಿಕ್ಕಿತು ಅಂತಲ್ಲ. ಪ್ರತಿ ಊರೂ ತನ್ನ ಮಕ್ಕಳಿಗೆ ಮೊದಲು ಕೊಡುತ್ತದೆ. ನಗರದಲ್ಲಿ ಕಷ್ಟಪಟ್ಟು ಪಡೆದ ಸೀಟು ನೀವು ಊರು ಬಿಟ್ಟ ಮೇಲೂ ಉಳಿಯುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಒಂದರಿಂದ ನಾಲ್ಕನೇ ಕ್ಲಾಸಿಗೆ ಸರ್ಕಾರಿ ಶಾಲೆ ಯಾವುದು ಅನ್ನುವುದನ್ನು ನಿಮ್ಮ ವಿಳಾಸವೇ ತೀರ್ಮಾನಿಸುತ್ತದೆ. ಬೆಂಗಳೂರಿನಲ್ಲಿ ಮನೆ ಒಂದು ಕಡೆ, ಶಾಲೆ ಹದಿನೈದು ಕಿಲೋಮೀಟರ್ ಆಚೆ, ಮಗು ಬೆಳಿಗ್ಗೆ ಆರೂವರೆಗೆ ವ್ಯಾನಿನಲ್ಲಿ. ಇಲ್ಲಿ ಮಕ್ಕಳು ನಡೆದುಕೊಂಡು ಹೋಗುತ್ತಾರೆ. ಇದರಲ್ಲಿ ಜರ್ಮನಿಯ ಪದ್ಧತಿಯೇ ಸರಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಸೇಫ್ಟಿ. ಮ್ಯೂನಿಕ್ ಜರ್ಮನಿಯ ದೊಡ್ಡ ನಗರಗಳಲ್ಲೇ ಅತಿ ಸುರಕ್ಷಿತವಾದವುಗಳ ಸಾಲಿನಲ್ಲಿದೆ. ನೋಯ್‌ಪೆರ್ಲಾಖ್, ಹಾಸೆನ್‌ಬೆರ್ಗ್ಲ್ ಅಂದರೆ ಕೆಲವು ಹಳಬರು ಮೂಗು ಮುರಿಯುತ್ತಾರೆ, ಅದನ್ನೇ ನಮ್ಮವರು ಹೊಸಬರಿಗೆ ದಾಟಿಸುತ್ತಾರೆ. ಸುಮ್ನೆ ಹೆದರಿಸುವುದು ತಪ್ಪು. ನೋಯ್‌ಪೆರ್ಲಾಖ್‌ನಲ್ಲಿ ಎತ್ತರದ ಕಟ್ಟಡಗಳಿವೆ, ನಿಜ. ಜೊತೆಗೆ ಯು5 ಮೆಟ್ರೋ ಇದೆ, ದೊಡ್ಡ ಮಾಲ್ ಇದೆ, ಓಸ್ಟ್‌ಪಾರ್ಕ್ ಇದೆ. ಸಂಜೆ ಒಮ್ಮೆ ಹೋಗಿ ನೀವೇ ನಡೆದು ನೋಡಿ, ಆಮೇಲೆ ತೀರ್ಮಾನ ಮಾಡಿ. ನನ್ನನ್ನು ಕೇಳಿದರೆ ತಡರಾತ್ರಿ ಕೆಲಸ ಮುಗಿಸಿ ಬರುವವರು ದೊಡ್ಡ ರೈಲು ನಿಲ್ದಾಣದ ಸುತ್ತಮುತ್ತ ಮನೆ ಮಾಡುವುದು ಬೇಡ. ನಿಲ್ದಾಣ ಹತ್ತಿರ ಅಂತ ಹಿಡಿದು ಆಮೇಲೆ ಬೇಜಾರಾದವರೇ ಜಾಸ್ತಿ. ಲಾಂಡ್‌ಶುಟರ್ ಆಲೀ ಥರದ ರಿಂಗ್ ರೋಡ್ ಪಕ್ಕ ಬಾಡಿಗೆ ಕಡಿಮೆ ಕಂಡರೆ, ಮಲಗುವ ಕೋಣೆಯ ಕಿಟಕಿ ಯಾವ ಕಡೆಗಿದೆ ನೋಡಿ.

ನಾನು ಏರಿಯಾ ಆರಿಸುವುದು ರೈಲಿನ ಮೇಲೆ. ಬಹುತೇಕ ಎಸ್-ಬಾನ್ ಗೆರೆಗಳು ನಗರದ ನಡುವಿನ ಒಂದೇ ಸುರಂಗದಲ್ಲಿ ಹೋಗುತ್ತವೆ. ಅಲ್ಲಿ ಒಂದು ಸಿಗ್ನಲ್ ಕೆಟ್ಟರೆ ಆ ಗೆರೆಗಳಿಗೆಲ್ಲ ತೊಂದರೆ. ಎರಡನೇ ಸುರಂಗ ಕಟ್ಟುತ್ತಿದ್ದಾರೆ, ಅದು 2035ಕ್ಕಿಂತ ಮೊದಲು ಮುಗಿಯುವುದಿಲ್ಲ. ಊರಾಚೆ ಬಹಳ ಕಡೆ ಇಪ್ಪತ್ತು ನಿಮಿಷಕ್ಕೊಂದು ರೈಲು. ಹಾಗಾಗಿ ಯು-ಬಾನ್ (ಮೆಟ್ರೋ) ಮತ್ತು ಎಸ್-ಬಾನ್ ಎರಡೂ ಇರುವ ಜಾಗ ಹುಡುಕಿ. ಮೋಸಾಖ್, ಲಾಯಿಮ್, ಗೀಸಿಂಗ್, ಫೆಲ್ಡ್‌ಮೋಖಿಂಗ್ ಎಲ್ಲ ಹಾಗಿವೆ, ಎಲ್ಲವೂ ನಗರದೊಳಗೇ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಬರೀ ಗೋಡೆಯ ಬಾಡಿಗೆ, ಕಾಲ್ಟ್‌ಮೀಟೆ. ಹೀಟಿಂಗ್, ನೀರು ಎಲ್ಲ ಸೇರಿದ ವಾರ್ಮ್‌ಮೀಟೆ ಎಷ್ಟು ಅಂತ ಕೇಳಿ, ಅದರ ಮೇಲೆ ಕರೆಂಟು, ಇಂಟರ್‌ನೆಟ್ಟು, ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ ಟಿವಿ ರೇಡಿಯೋ ಶುಲ್ಕ. ಡೆಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಕಳೆದುಕೊಂಡ ಬೆಂಗಳೂರಿನವರಿಗೆ ಇದು ನೆಮ್ಮದಿಯ ಮಾತು. ಬ್ರೋಕರ್ ಫೀಸು 2015ರ ಜೂನ್‌ನಿಂದ ಬ್ರೋಕರನ್ನು ಕರೆಸಿದವರದ್ದು, ಅಂದರೆ ಸಾಮಾನ್ಯವಾಗಿ ಮಾಲೀಕರದ್ದು. ಮಾಲೀಕರು ವಿದೇಶದಲ್ಲಿದ್ದಾರೆ, ದುಡ್ಡು ಹಾಕಿದರೆ ಕೀ ಕೊರಿಯರ್‌ನಲ್ಲಿ ಬರುತ್ತದೆ ಅಂದರೆ ಮೋಸ, ಉತ್ತರ ಕೂಡ ಬರೆಯಬೇಡಿ.

ಸಹಿ ಹಾಕುವ ಮೊದಲು ಎರಡು ಮಾತು ಬರಹದಲ್ಲಿ ತೆಗೆದುಕೊಳ್ಳಿ. ಈ ವಿಳಾಸಕ್ಕೆ ನೋಂದಣಿ ಮಾಡಿಸಬಹುದು ಅಂತ ಒಂದು. ಮನೆಗೆ ಬಂದ ಎರಡು ವಾರದೊಳಗೆ ನೋಂದಣಿ ಆಗಬೇಕು, ಅದಕ್ಕೆ ಮಾಲೀಕರ ಸಹಿ ಇರುವ ಕಾಗದ ಬೇಕು. ಫರ್ನಿಚರ್ ಸಮೇತ ಕೊಡುವ ಕೆಲವರು ಇದಕ್ಕೆ ಒಪ್ಪುವುದೇ ಇಲ್ಲ. ಇನ್ನೊಂದು, ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು. ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಪೋಸ್ಟ್‌ಮ್ಯಾನ್ ಹೆಸರು ನೋಡಿಯೇ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಬ್ಯಾಂಕಿನ ಪಿನ್, ಟ್ಯಾಕ್ಸ್ ನಂಬರಿನ ಪತ್ರ ಎಲ್ಲ ವಾಪಸ್ ಹೋಗುತ್ತವೆ. ಟ್ಯಾಕ್ಸ್ ನಂಬರ್ ಕೊಡದೆ ತಡವಾದರೆ ಕಂಪನಿ ನಿಮ್ಮ ಸಂಬಳದಿಂದ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯಬೇಕಾಗಬಹುದು. ಕೀ ತೆಗೆದುಕೊಂಡ ದಿನವೇ ಒಂದು ಚೀಟಿಯಲ್ಲಿ ಹೆಸರು ಬರೆದು ಟೇಪ್ ಹಾಕಿ ಅಂಟಿಸಿ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಬೇರೆ ಇನಿಷಿಯಲ್, ಬೇರೆ ಸರ್‌ನೇಮ್ ಇದ್ದರೆ ಆ ಹೆಸರನ್ನೂ ಪೂರ್ತಿಯಾಗಿ ಬರೆಯಿರಿ.