ಬಾಣಂತನದ ಪ್ರಯಾಣ ಮತ್ತು ವಿಮಾನದ ನಿದ್ದೆ

ಧಾರವಾಡದಲ್ಲಿ ನನ್ನ ವಯಸ್ಸಿನ ಹೆಂಗಸರು ಅಮೆರಿಕಕ್ಕೆ ಹೊರಟರೆ ಕಾರಣ ಕೇಳಬೇಕಾಗಿಲ್ಲ, ಬಾಣಂತನವೇ. ನಾನೂ ಮಗಳಿಗೆ, ಸೊಸೆಗೆ ಅಂತ ಹೋಗಿ ಬಂದಿದ್ದೇನೆ. ಇಬ್ಬರೂ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಕಡೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 10 ತಾಸು, ಅಲ್ಲಿಂದ ಮತ್ತೆ 11 ತಾಸು. "ಅಷ್ಟು ಹೊತ್ತು ಕೂತಲ್ಲೇ ನಿದ್ದಿ ಹೆಂಗ ಬರತೈತ್ರಿ ಅಕ್ಕಾರ?" ಅಂತ ಓಣಿಯವರು ಕೇಳುತ್ತಾರೆ.

ವಿಮಾನದ ನಿದ್ದೆ ಕೆಡುವುದು ವಿಮಾನ ಹತ್ತುವ ಮೊದಲೇ. ಹುಬ್ಬಳ್ಳಿಯಿಂದ ವಿದೇಶಕ್ಕೆ ವಿಮಾನ ಇಲ್ಲ. ಹಾಗಾಗಿ ನಮ್ಮ ಕಡೆಯವರು ರಾತ್ರಿ ಬಸ್ಸಿಗೆ ಬೆಂಗಳೂರು ಸೇರಿ, ಹಗಲೆಲ್ಲ ನೆಂಟರ ಮನೆಯಲ್ಲಿ ಹರಟೆ ಹೊಡೆದು, ಮತ್ತೆ ನಡುರಾತ್ರಿ ವಿಮಾನ ನಿಲ್ದಾಣಕ್ಕೆ ಓಡುತ್ತಾರೆ. ದಣಿದಿದ್ದರೆ ತಾನಾಗಿ ನಿದ್ದೆ ಬರುತ್ತದೆ ಅನ್ನುವುದು ಅವರ ಲೆಕ್ಕ. ಮೈ ಜಾಸ್ತಿ ದಣಿದರೆ ಕಾಲು ಸೆಳೆತ, ತಲೆನೋವು ಬರುತ್ತದೆ, ನಿದ್ದೆ ಬರಲ್ಲ. ನಾನು ಒಂದು ದಿನ ಮೊದಲೇ ಧಾರವಾಡದಿಂದ ಮಧ್ಯಾಹ್ನ ವಂದೇ ಭಾರತ್ ಹತ್ತುತ್ತೇನೆ. ರಾತ್ರಿ ಊಟದ ಹೊತ್ತಿಗೆ ಬೆಂಗಳೂರು. ಆ ರಾತ್ರಿ ಪೂರ್ತಿ ಮಲಗುವುದು, ಮರುದಿನ ಮಧ್ಯಾಹ್ನದ ಮೇಲೆ ಚಹಾ ಮುಟ್ಟದಿರುವುದು. ಇಷ್ಟೇ ತಯಾರಿ.

ಊಟದ್ದೂ ಒಂದು ಮಾತು. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟೇ ಇರುತ್ತದೆ. ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ. ಬೀಳ್ಕೊಡಲು ಬಂದವರು ಪ್ರೀತಿಯಿಂದ ತರುವ ಮಿರ್ಚಿ ಭಜಿಗೆ ಅವತ್ತು ಕೈ ಮುಗಿಯಬೇಕು. ನನಗೆ ಮೊಸರನ್ನ ಸಾಕು. ಒಳಗಿನ ಗಾಳಿ ಬಹಳ ಒಣ, ಮೂಗು ಒಣಗಿಯೇ ಎಚ್ಚರ ಆಗುತ್ತದೆ. ಆಗಾಗ ನೀರು ಕುಡಿಯುತ್ತೇನೆ, ತುಟಿಗೆ ಹಚ್ಚಲು ಸಣ್ಣ ಡಬ್ಬಿಯಲ್ಲಿ ತುಪ್ಪ ಇರುತ್ತದೆ.

ಹತ್ತಿದ ಕೂಡಲೇ ಗಡಿಯಾರವನ್ನು ಅಮೆರಿಕದ ಹೊತ್ತಿಗೆ ತಿರುಗಿಸಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಒಗ್ಗಲ್ಲ. ಮೊದಲ ವಿಮಾನ ಬೆಳಗಿನ ಜಾವ 3ರ ಸುಮಾರಿಗೆ ಹೊರಡುತ್ತದೆ. ಆಗ ನಮ್ಮ ಮೈಗೆ ರಾತ್ರಿಯೇ ಅಲ್ವಾ? ಊಟ ಬೇಡ ಅಂದು ಮಲಗಿಬಿಡುತ್ತೇನೆ. ಕಿಟಕಿ ಪಕ್ಕದ ಸೀಟು, ಕಣ್ಣಿಗೆ ಪಟ್ಟಿ, ಕಿವಿಗೆ ಹತ್ತಿ, ಕುತ್ತಿಗೆಗೆ ಸುತ್ತಿದ ಶಾಲು. ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಹಾಕಿದರೆ ಗಗನಸಖಿ ಬಂದು ಎಬ್ಬಿಸಲ್ಲ. ಇದು ಸಣ್ಣ ವಿಷಯ, ಆದರೆ ದೊಡ್ಡ ಉಪಕಾರ.

ಎರಡನೇ ವಿಮಾನದಲ್ಲಿ ಅಲ್ಲಿಯ ಗಡಿಯಾರ. ಫ್ರಾಂಕ್‌ಫರ್ಟ್‌ನಲ್ಲಿ ಬೆಳಿಗ್ಗೆ 10 ಅಂದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾತ್ರಿ 1. ಮೊದಲ ಅರ್ಧ ಮಲಗುವುದು, ಉಳಿದರ್ಧ ಎದ್ದಿರುವುದು. ನಿದ್ದೆ ಬರದಿದ್ದರೆ ಸುಮ್ನೆ ಕಣ್ಣು ಮುಚ್ಚಿ ಒರಗುತ್ತೇನೆ, ಮುಂದಿನ ಪರದೆಯಲ್ಲಿ ಇನ್ನೆಷ್ಟು ತಾಸು ಅಂತ ನೋಡುವುದಿಲ್ಲ. ಎಚ್ಚರ ಇದ್ದಾಗ ಎದ್ದು ನಾಲ್ಕು ಹೆಜ್ಜೆ ಹಾಕುತ್ತೇನೆ. ನಿದ್ದೆ ಮಾತ್ರೆ ಬೇಡ ಅಂದರು ನಮ್ಮ ಡಾಕ್ಟರು. ಮಾತ್ರೆ ನುಂಗಿ ಅಲುಗದೆ ಬಿದ್ದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ.

ಮಧ್ಯಾಹ್ನ ಇಳಿದ ಮೇಲೆ ಹಾಸಿಗೆ ಕಡೆ ನೋಡಬಾರದು. ಬಿಸಿಲಲ್ಲಿ ಅಡ್ಡಾಡಿ, ರಾತ್ರಿ 9ರ ತನಕ ಹೇಗಾದರೂ ಎಳೆಯಬೇಕು. ಇಷ್ಟು ಮಾಡಿದರೂ ಮೊದಲ ಕೆಲವು ದಿನ ನಡುರಾತ್ರಿ ಎಚ್ಚರ ಆಗೇ ಆಗುತ್ತದೆ. ಆ ಹೊತ್ತಿನ ಪಾಳಿ ನನಗಿರಲಿ ಅಂತ ಮಗಳಿಗೆ ಹೇಳಿಬಿಡುತ್ತೇನೆ. ಕೂಸು ಹೇಗೂ ಎದ್ದಿರುತ್ತದೆ.