ಹೊಟ್ಟೆ ಕಿರಿದಾಯಿತು, ಹಸಿವು ಉಳಿಯಿತು

ತೂಕ ಇಳಿಸಲು ಹೊಟ್ಟೆಯನ್ನು ಕಿರಿದಾಗಿಸಿ ನೇರ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎರಡೂವರೆ ವರ್ಷವಾಯಿತು; ಅಂದು 131 ಕಿಲೋ ಇದ್ದ ತೂಕ ಒಂದು ವರ್ಷದಿಂದ 84ರ ಆಸುಪಾಸಿನಲ್ಲಿ ನಿಂತಿದೆ. ಪ್ರೋಟೀನ್ ಪುಡಿ ಬಿಟ್ಟು ಮನೆಯ ಆಹಾರದಲ್ಲೇ ಪ್ರೋಟೀನ್ ಹೊಂದಿಸುತ್ತೇನೆ ಎಂದಾಗ ನಕ್ಕಿದ್ದ ಆಹಾರತಜ್ಞೆಯೇ, ಕಳೆದ ಸಲ ರಕ್ತಪರೀಕ್ಷೆಯ ವರದಿ ನೋಡಿ ನನ್ನ ಪಟ್ಟಿಯನ್ನು ಬರೆದುಕೊಂಡರು.

ಅದಕ್ಕೆ ಮುಂಚೆ ಸೋತದ್ದೇ ಹೆಚ್ಚು. ಮೂರನೆಯ ತಿಂಗಳಲ್ಲೇ ರಾಗಿಮುದ್ದೆಗೆ ಕೈಹಾಕಿದೆ. ಅಗಿಯದೆ ನುಂಗುವ ನಲವತ್ತು ವರ್ಷದ ರೂಢಿ ಗಂಟಲಿಗಿತ್ತು, ಹೊಸ ಹೊಟ್ಟೆಗಿರಲಿಲ್ಲ. ಎರಡನೆಯ ತುತ್ತು ಎದೆಯ ನಡುವೆ ಕಲ್ಲಿನಂತೆ ಕೂತು, ಬಾಯಿತುಂಬ ನೊರೆಜೊಲ್ಲು ಸುರಿದು, ಮುಕ್ಕಾಲು ಗಂಟೆ ಬಚ್ಚಲಲ್ಲಿ ಗೋಡೆ ಹಿಡಿದು ನಿಂತಿದ್ದೆ. ಮುಂದೆ ಅಣ್ಣನ ಮಗಳ ನಿಶ್ಚಿತಾರ್ಥದಲ್ಲಿ ಅರ್ಧ ಹೋಳಿಗೆ ತಿಂದು, ಬೆವರಿ, ಎದೆ ಡವಗುಟ್ಟಿ, ಡಂಪಿಂಗ್ ಎಂದರೇನೆಂಬುದನ್ನು, ಅಂದರೆ ಸಿಹಿ ಹೊಟ್ಟೆಯಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಇಳಿದರೆ ಆಗುವ ಪಾಡನ್ನು, ಜಯನಗರದ ಛತ್ರದಲ್ಲಿ ಕಲಿತೆ.

ನಾಲ್ಕನೆಯ ತಿಂಗಳು ಕೂದಲು ಉದುರತೊಡಗಿದಾಗ ಹೆದರಿ, ಎಣ್ಣೆ, ಶಾಂಪೂ, ಬಯೋಟಿನ್ ಎಂದು ಎಂಟೊಂಬತ್ತು ಸಾವಿರ ಸುರಿದೆ. ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಗೆ ತಿಂಗಳಿಗೆ ಮೂರು ಸಾವಿರ ಬೇರೆ. ಅದರ ವೆನಿಲಾ ವಾಸನೆಗೇ ವಾಕರಿಕೆ. ಕೊನೆಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಮೊಟ್ಟೆ, ಪನೀರ್, ಹುರಿಗಡಲೆ ಹಿಟ್ಟುಗಳನ್ನು ಆರು ಹೊತ್ತಿಗೆ ಹಂಚಿ ದಿನಕ್ಕೆ 60-65 ಗ್ರಾಂ ಪ್ರೋಟೀನ್ ಮುಟ್ಟಿಸಿದೆ; ಖರ್ಚು ತಿಂಗಳಿಗೆ ಎರಡು ಸಾವಿರದ ಒಳಗೆ. ಹಿಟ್ಟು ಗಂಟಲಿಗೆ ಅಂಟದಿರಲು ಏನು ಬೆರೆಸುತ್ತೇನೆಂಬುದು ನನ್ನಲ್ಲೇ ಇರಲಿ. ಹುರುಳಿಕಟ್ಟನ್ನೂ ಪ್ರಯತ್ನಿಸಿದೆ, ರುಚಿಯೇನೋ ಸೊಗಸು, ಆದರೆ ಪ್ರೋಟೀನ್ ಬಹುಪಾಲು ಬಸಿದ ಕಾಳಿನಲ್ಲೇ ಉಳಿಯಿತು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಸಿಟ್ರೇಟ್ ಮಾತ್ರೆಗಳನ್ನಂತೂ ಒಂದು ದಿನವೂ ತಪ್ಪಿಸಿಲ್ಲ.

ಹೊಟ್ಟೆಗಿಂತ ತಲೆ ಹಠಮಾರಿ. ಸಂಜೆ ಐದಕ್ಕೆ ಗಾಂಧಿಬಜಾರಿನಲ್ಲಿ ಕಾಫಿಯೊಂದಿಗೆ ಖಾರಾಬನ್ ತಿನ್ನುತ್ತಿದ್ದ ಕಾಲದ ಹಸಿವು, ಹೊಟ್ಟೆ ತುಂಬಿದ್ದರೂ ಅದೇ ಹೊತ್ತಿಗೆ ಎದ್ದು ಕೂರುತ್ತಿತ್ತು. ಆಗ ಜೇಬಿನಲ್ಲಿ ಒಂದು ಹಿಡಿ ಹುರಿಗಡಲೆ ಇಟ್ಟುಕೊಂಡು ಲಾಲ್‌ಬಾಗ್ ಬಂಡೆಯ ಮೇಲಿನ ಕೆಂಪೇಗೌಡ ಗೋಪುರದವರೆಗೆ ನಡೆಯತೊಡಗಿದೆ. ಹುರಿಗಡಲೆ ಬೇಕೆನಿಸಿದರೆ ಅದು ಹಸಿವು, ಬನ್ನೇ ಬೇಕೆನಿಸಿದರೆ ಅಲ್ಲ. ಹತ್ತರಲ್ಲಿ ಏಳು ಸಲ ಕಡಲೆ ಹಾಗೆಯೇ ಮನೆಗೆ ಮರಳಿತು.

ಜೋತ ಚರ್ಮ ತೆಗೆಸಲು ಎರಡೂವರೆ ಲಕ್ಷ ಕೇಳಿದ್ದಾರೆ; ಅದು ಸೌಂದರ್ಯದ ಚಿಕಿತ್ಸೆ ಎಂದು ವಿಮೆಯವರು ಕೈತೊಳೆದುಕೊಂಡರು. ಬಸ್ಸಿನಲ್ಲಿ ಈಗಲೂ ಸೀಟಿನ ಅಂಚಿನಲ್ಲೇ ಕೂರುತ್ತೇನೆ. ಚಿಕ್ಕಪೇಟೆಯ ಅಂಗಡಿಯವನು 42ರ ಅಂಗಿ ತೆಗೆದಾಗ, ಸಾಲದು ಎಂದು ವಾದಿಸಿ 48ರದ್ದನ್ನೇ ಕೊಂಡು ತಂದಿದ್ದೆ. ಅದಿನ್ನೂ ಬೀರುವಿನಲ್ಲಿ ಮಡಿಕೆ ಬಿಚ್ಚದೆ ಇದೆ.