ಸೆಕೆಂಡಿಗೊಮ್ಮೆ ಸರಿಯಾಗಿ ಏಳುವ ಪ್ರೋಗ್ರಾಮ್ ಬರೆಯುವುದು ಹೇಗೆ?

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹುಡುಗನೊಬ್ಬ ತನ್ನ ಸೋದರಮಾವನ ಹೋಟೆಲಿಗೆ ಒಳ್ಳೆಯ ಕೆಲಸವೊಂದನ್ನು ಮಾಡಿಕೊಟ್ಟ. ದೋಸೆ ಹಿಟ್ಟು ಇಡುವ ಫ್ರಿಜ್ಜಿನಲ್ಲಿ ಸೆನ್ಸರ್ ಕೂರಿಸಿದ. ಸಣ್ಣ ಲಿನಕ್ಸ್ ಬೋರ್ಡಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು, ಸೆಕೆಂಡಿಗೊಮ್ಮೆ ಉಷ್ಣತೆ ದಾಖಲಾಗುವಂತೆ ಮಾಡಿದ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 28,800 ಸಾಲು ಇರಬೇಕಿತ್ತು. ಇದ್ದದ್ದು 28,235. ಒಂಬತ್ತು ನಿಮಿಷಕ್ಕೂ ಜಾಸ್ತಿ ಕಾಣೆ! "ಅಂಕಲ್, ಸ್ಲೀಪ್ ಫಂಕ್ಷನ್ನೇ ಸರಿ ಇಲ್ಲ" ಅಂದ. ಪ್ರೋಗ್ರಾಮನ್ನು ಹೇಳಿದಷ್ಟು ಹೊತ್ತು ಸುಮ್ಮನೆ ಮಲಗಿಸುವ ಆ ಸ್ಲೀಪ್ ಸರಿಯಾಗಿಯೇ ಇತ್ತು. ಈ ತಪ್ಪನ್ನು ಎಷ್ಟೋ ಹುಡುಗರ ಪ್ರಾಜೆಕ್ಟಿನಲ್ಲಿ ನೋಡಿದ್ದೇನೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ, ಗಡಿಯಾರ ಆರಿಸುವುದು

ಲಿನಕ್ಸ್‌ನಲ್ಲಿ ನಮಗೆ ಬೇಕಾದ ಗಡಿಯಾರ ಎರಡು. ಕ್ಲಾಕ್_ರಿಯಲ್‌ಟೈಮ್ ಗೋಡೆ ಗಡಿಯಾರ ಇದ್ದ ಹಾಗೆ. 1970ರ ಜನವರಿ 1ರಿಂದ, ನಮ್ಮ ಲೆಕ್ಕದಲ್ಲಿ ಅವತ್ತು ಬೆಳಿಗ್ಗೆ 5:30ರಿಂದ, ಎಷ್ಟು ಸೆಕೆಂಡು ಕಳೆಯಿತು ಅನ್ನುವುದನ್ನು ಅದು ಹೇಳುತ್ತದೆ. ಆದರೆ ಅದರ ಮುಳ್ಳನ್ನು ತಿರುಗಿಸಬಹುದು. ಬ್ಯಾಟರಿ ಗಡಿಯಾರ ಇಲ್ಲದ ಬೋರ್ಡು, ಕರೆಂಟು ಹೋಗಿ ಬಂದಾಗ ಹಳೆಯ ಸಮಯ ಹಿಡಿದುಕೊಂಡೇ ಏಳುತ್ತದೆ. ನೆಟ್ ಸಿಕ್ಕಿದ ಕೂಡಲೇ ಮುಂದಕ್ಕೆ ಹಾರುತ್ತದೆ. ಕ್ಲಾಕ್_ಮೊನೊಟೋನಿಕ್ ಹಾಗಲ್ಲ. ಹಿಂದೆ ಹೋಗುವುದಿಲ್ಲ, ತಾರೀಕು ಬದಲಿಸಿದರೆ ಹಾರುವುದೂ ಇಲ್ಲ. ಅದು ಕೊಡುವ ಅಂಕಿಯಿಂದ ತಾರೀಕು ತಿಳಿಯದು, ಎರಡು ಸಲ ಓದಿ ಕಳೆದಾಗ ಬರುವ ಅಂತರ ಮಾತ್ರ ಉಪಯೋಗಕ್ಕೆ ಬರುತ್ತದೆ.

ಮುಂಬೈಯಲ್ಲಿ ಇರುವವರಿಗೆ ಎರಡು ಗಡಿಯಾರದ ಈ ಫಜೀತಿ ಹೊಸದಲ್ಲ. 1906ರಲ್ಲಿ ಭಾರತೀಯ ಕಾಲಮಾನ ಬಂದ ಮೇಲೂ ಇಲ್ಲಿ ದಶಕಗಳ ಕಾಲ ಬಾಂಬೆ ಟೈಮ್ ನಡೆಯುತ್ತಿತ್ತು, 39 ನಿಮಿಷ ಹಿಂದೆ. ಮನೆ ಬಿಟ್ಟದ್ದನ್ನು ಒಂದರಲ್ಲಿ ನೋಡಿ, ಮುಟ್ಟಿದ್ದನ್ನು ಇನ್ನೊಂದರಲ್ಲಿ ನೋಡಿದರೆ ಲೆಕ್ಕ ಹೇಗೆ ಕೂಡುತ್ತದೆ? ಕಾಯಲು ಮತ್ತು ಅಳೆಯಲು ಮೊನೊಟೋನಿಕ್. ಸಾಲಿನ ಪಕ್ಕ ಸಮಯ ಬರೆಯಲು ರಿಯಲ್‌ಟೈಮ್. ಇವೆರಡನ್ನು ಯಾವತ್ತೂ ಬೆರೆಸಬೇಡಿ.

ಕ್ಲಾಕ್ ಅನ್ನುವ ಹೆಸರಿನ ಹಳೆಯ ಫಂಕ್ಷನ್ ಒಂದಿದೆ. ಹೆಸರು ನೋಡಿ ಅದನ್ನು ಹಿಡಿಯುವವರು ತುಂಬಾ. ಅದು ಪ್ರೊಸೆಸರ್ ನಿಮ್ಮ ಪ್ರೋಗ್ರಾಮಿಗಾಗಿ ದುಡಿದ ಹೊತ್ತನ್ನು ಅಳೆಯುತ್ತದೆ. ಐದು ಸೆಕೆಂಡು ಮಲಗಿ ಎದ್ದರೆ ಹೆಚ್ಚುಕಡಿಮೆ ಸೊನ್ನೆ ಅನ್ನುತ್ತದೆ.

ಎರಡನೆಯದು, ಸಮಯದ ಫಂಕ್ಷನ್‌ಗಳಿಗೆ ಬೇಕಾದ ಟೈಮ್.ಎಚ್ ಕಡತ ಸೇರಿಸಿ, ಟೈಮ್‌ಸ್ಪೆಕ್ ಒಂದನ್ನು ಘೋಷಿಸಿ. ಅದರಲ್ಲಿ ಅಂಕಣ ಎರಡು, ಒಂದು ಸೆಕೆಂಡಿಗೆ, ಇನ್ನೊಂದು ನ್ಯಾನೋಸೆಕೆಂಡಿಗೆ (ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ). ಅಷ್ಟೇ.

ಮೂರನೆಯದು, ಕಾಯುವುದು: ಎಲ್ಲರೂ ಎಡವುವುದು ಇಲ್ಲೇ

ಆ ಹುಡುಗ ಬರೆದದ್ದು ಹೀಗೆ: ಸೆನ್ಸರ್ ಓದು, ಬರೆ, ಒಂದು ಸೆಕೆಂಡು ಮಲಗು, ಮತ್ತೆ ಓದು. ಓದಿ ಬರೆಯುವುದಕ್ಕೇ 20 ಮಿಲಿಸೆಕೆಂಡು ಬೇಕು. ಹಾಗಾಗಿ ಒಂದು ಸುತ್ತಿಗೆ 1.02 ಸೆಕೆಂಡು. ಎಂಟು ಗಂಟೆಯನ್ನು ಅದರಿಂದ ಭಾಗಿಸಿ ನೋಡಿ, 28,235 ಬರುತ್ತದೆ. ಕೆಲವರು 0.98 ಸೆಕೆಂಡು ಮಲಗಿಸಿ ಸರಿಮಾಡಲು ನೋಡುತ್ತಾರೆ. ಅದೂ ನಿಲ್ಲುವುದಿಲ್ಲ. ಸ್ಲೀಪ್ ಕೊಡುವ ಮಾತು "ಇಷ್ಟಾದರೂ ಮಲಗಿಸುತ್ತೇನೆ" ಅಂತ ಮಾತ್ರ. ಸಿಸ್ಟಮ್ ಬೇರೆ ಕೆಲಸದಲ್ಲಿದ್ದರೆ ಏಳುವುದು ತಡವಾಗುತ್ತದೆ, ಸುತ್ತಿನಿಂದ ಸುತ್ತಿಗೆ ಆ ತಡ ಕೂಡುತ್ತಲೇ ಹೋಗುತ್ತದೆ.

ನಮ್ಮ ಲೋಕಲ್ ಟ್ರೇನಿನ ಟೈಮ್‌ಟೇಬಲ್ ನೆನಪಿಸಿಕೊಳ್ಳಿ. ಅದರಲ್ಲಿ "ಹಿಂದಿನ ಗಾಡಿ ಹೋದ ಐದು ನಿಮಿಷಕ್ಕೆ" ಅಂತ ಬರೆದಿರುವುದಿಲ್ಲ, 8:05, 8:10 ಅಂತ ಇರುತ್ತದೆ. ಪ್ರೋಗ್ರಾಮಿಗೂ "ಇಷ್ಟು ಹೊತ್ತು ಮಲಗು" ಅನ್ನದೆ "ಇಷ್ಟು ಗಂಟೆಗೆ ಏಳು" ಅನ್ನಬೇಕು. ಅದಕ್ಕೆ ಇರುವುದು ಕ್ಲಾಕ್_ನ್ಯಾನೋಸ್ಲೀಪ್. ಲೂಪಿಗೆ (ಮತ್ತೆ ಮತ್ತೆ ಸುತ್ತುವ ಭಾಗಕ್ಕೆ) ಮುಂಚೆ ಒಂದೇ ಸಲ ಮೊನೊಟೋನಿಕ್ ಗಡಿಯಾರ ಓದಿ, ಅದನ್ನು "ಮುಂದಿನ ಹೊತ್ತು", ಅಂದರೆ ಏಳಬೇಕಾದ ಗುರಿ, ಅಂತ ಇಟ್ಟುಕೊಳ್ಳಿ. ಪ್ರತಿ ಸುತ್ತಿನಲ್ಲಿ ಅದಕ್ಕೆ ಒಂದು ಸೆಕೆಂಡು ಕೂಡಿಸಿ. ಕೊಟ್ಟದ್ದು ಅವಧಿಯಲ್ಲ, ಏಳುವ ಹೊತ್ತು ಅಂತ ತಿಳಿಸುವ ಟೈಮರ್_ಆಬ್ಸ್‌ಟೈಮ್ ಅನ್ನುವ ಗುರುತಿನ ಜೊತೆ ಫಂಕ್ಷನ್‌ಗೆ ಕೊಡಿ. ಲೂಪಿನೊಳಗೆ ಗಡಿಯಾರ ಮತ್ತೆ ಓದಿ ಅದಕ್ಕೆ ಕೂಡಿಸಿದಿರೋ, ಹಳೆಯ ರೋಗ ವಾಪಸ್. ಹಿಂದಿನ ಗುರಿಗೇ ಕೂಡಿಸಬೇಕು. ಆಗ ಒಂದು ಸುತ್ತು ತಡವಾದರೂ ಮುಂದಿನದು ತನ್ನ ಹೊತ್ತಿಗೇ ಏಳುತ್ತದೆ.

ಇಲ್ಲಿ ಮೂರು ಕಡೆ ಹುಷಾರು. ಸೆಕೆಂಡಿಗೆ ಐದು ಸಲ ಓದಬೇಕಾದರೆ ನ್ಯಾನೋಸೆಕೆಂಡಿನ ಅಂಕಣಕ್ಕೆ 20 ಕೋಟಿ ಕೂಡಿಸುತ್ತೀರಿ. ಆ ಅಂಕಣ 99,99,99,999 ದಾಟುವ ಹಾಗಿಲ್ಲ. ದಾಟಿದರೆ ಫಂಕ್ಷನ್ ಮಲಗುವುದೇ ಇಲ್ಲ, ತಪ್ಪು ಅಂತ ಹೇಳಿ ವಾಪಸ್ ಬರುತ್ತದೆ, ಲೂಪು ಹುಚ್ಚು ಹಿಡಿದಂತೆ ಓಡುತ್ತದೆ. ಅದರಿಂದ ನೂರು ಕೋಟಿ ಕಳೆದು, ಸೆಕೆಂಡಿನ ಅಂಕಣಕ್ಕೆ ಒಂದು ಕೂಡಿಸಿ, ಶಾಲೆಯ ಕೂಡುವ ಲೆಕ್ಕದಲ್ಲಿ ದಶಕ ಒಯ್ಯುವ ಹಾಗೇ. ಎರಡು, ಮಧ್ಯೆ ಸಿಗ್ನಲ್ (ಪ್ರೋಗ್ರಾಮಿಗೆ ಸಿಸ್ಟಮ್ ಮುಟ್ಟಿಸುವ ಸೂಚನೆ) ಬಂದರೆ ಪ್ರೋಗ್ರಾಮ್ ಹೊತ್ತಿಗೆ ಮುಂಚೆಯೇ ಏಳಬಹುದು. ಆಗ ಇಐಎನ್‌ಟಿಆರ್ (ನಡುವೆ ತಡೆಯಾಯಿತು ಅನ್ನುವ ತಪ್ಪಿನ ಸಂಖ್ಯೆ) ಸಿಗುತ್ತದೆ, ಅದೇ ಗುರಿ ಕೊಟ್ಟು ಮತ್ತೆ ಕರೆಯಿರಿ. ಗಮನಿಸಿ, ಈ ಫಂಕ್ಷನ್ ತಪ್ಪಿನ ಸಂಖ್ಯೆಯನ್ನು ನೇರವಾಗಿ ಹಿಂದಿರುಗಿಸುತ್ತದೆ, ಸಾಮಾನ್ಯವಾಗಿ ಆ ಸಂಖ್ಯೆ ಕೂರುವ ಎರ್‌ನೋದಲ್ಲಿ ಹುಡುಕಬೇಡಿ. ಮೂರು, ಸೆನ್ಸರ್ ಯಾವಾಗಲೋ ಐದು ಸೆಕೆಂಡು ಸಿಕ್ಕಿಕೊಂಡರೆ ಗುರಿ ಆಗಲೇ ದಾಟಿರುತ್ತದೆ. ಆಗ ಪ್ರೋಗ್ರಾಮ್ ಮಲಗದೆ, ತಪ್ಪಿದ ಸುತ್ತುಗಳನ್ನೆಲ್ಲ ಒಂದೇ ಉಸಿರಿಗೆ ಓಡಿಸಿಬಿಡುತ್ತದೆ. ತಪ್ಪಿದ ಸೆಕೆಂಡುಗಳನ್ನು ಬಿಟ್ಟು, ಗುರಿಯನ್ನು ಇನ್ನೂ ಬಾರದ ಸೆಕೆಂಡಿಗೆ ಸರಿಸಿ. ಫ್ರಿಜ್ಜಿನ ದಾಖಲೆಯಲ್ಲಿ ಸುಳ್ಳು ಸಾಲಿಗಿಂತ ಖಾಲಿ ಜಾಗ ಮೇಲು.

ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಮಲಗಿಸುವ ಹಳೆಯ ಯುಸ್ಲೀಪ್ ಬಳಸಬೇಡಿ. ಯೂನಿಕ್ಸ್ ಮಾದರಿಯ ಸಿಸ್ಟಮ್‌ಗಳಿಗಿರುವ ಪಾಸಿಕ್ಸ್ ಪ್ರಮಾಣದ 2008ರ ಆವೃತ್ತಿಯಿಂದಲೇ ಅದನ್ನು ತೆಗೆದುಹಾಕಿದ್ದಾರೆ. ಸುಮ್ನೆ ಖಾಲಿ ಲೂಪು ಸುತ್ತಿಸಿ ಹೊತ್ತು ಕಳೆಯುವುದು ಇನ್ನೂ ಕೆಟ್ಟದ್ದು. ಕಂಪೈಲರ್ ಅದನ್ನು ಕೆಲಸಕ್ಕೆ ಬಾರದ್ದು ಅಂತ ಅಳಿಸಿಬಿಡಬಹುದು. ಅಳಿಸದಿದ್ದರೆ ಪ್ರೊಸೆಸರ್ ಬಿಸಿಯಾಗುತ್ತದೆ.

ನಾಲ್ಕನೆಯದು, ಸಮಯ ಬರೆಯುವುದು. ಕಡತದಲ್ಲಿ ಸೆಕೆಂಡುಗಳನ್ನೇ ಬರೆಯಿರಿ, ಐದೂವರೆ ಗಂಟೆ ಕೂಡಿಸುವುದು ತೋರಿಸುವಾಗ ಆಗಲಿ. ಸಂಖ್ಯೆಗೆ 64 ಬಿಟ್ ಇರಲಿ. 32 ಬಿಟ್ಟಿನ ಲೆಕ್ಕ 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8:44:07ಕ್ಕೆ ತುಂಬಿಹೋಗುತ್ತದೆ. ಡೊಂಬಿವಲಿ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗ ಇಲ್ಲದ ಹೊತ್ತು ಅದು. ಬೋರ್ಡಿಗೆ ಬ್ಯಾಟರಿ ಗಡಿಯಾರ ಬೇಕಾದರೆ ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಡಿಎಸ್3231 ಅನ್ನುವ ಗಡಿಯಾರ ಚಿಪ್ ಕೇಳಿ ತನ್ನಿ. ಡಿಎಸ್1307 ಅಗ್ಗ, ಆದರೆ ಬಿಸಿಲು ಚಳಿಗೆ ತನ್ನನ್ನು ತಿದ್ದಿಕೊಳ್ಳುವುದಿಲ್ಲ.

ಕೊನೆಗೆ ಪರೀಕ್ಷೆ. ಪ್ರೋಗ್ರಾಮ್ ಓಡುತ್ತಿರುವಾಗಲೇ ಸಿಸ್ಟಮ್ ಗಡಿಯಾರವನ್ನು ಕೈಯಾರೆ ಒಂದು ಗಂಟೆ ಹಿಂದೆ ತಿರುಗಿಸಿ. ಬರೆದ ಸಮಯ ಬದಲಾಗಬೇಕು, ಸಾಲು ಬರುವ ವೇಗ ಬದಲಾಗಬಾರದು. ಆಮೇಲೆ ಗಡಿಯಾರ ಸರಿಮಾಡಿ, ರಾತ್ರಿಯಿಡೀ ಓಡಲು ಬಿಟ್ಟು, ಬೆಳಿಗ್ಗೆ ಸಾಲು ಎಣಿಸಿ.